ಸೋಮವಾರದ ಮಾತ್ರೆ

ಹೋದ ತಿಂಗಳು ಇಬ್ಬರು ತರುಣರು ದೆಹಲಿ ಪಕ್ಕದ ಇಂದಿರಾಪುರಂನ ನಮ್ಮ ಮನೆಗೆ ಬಂದಿದ್ದರು. ಒಬ್ಬ ದಾವಣಗೆರೆಯವನು, ಇನ್ನೊಬ್ಬಳು ಬೀದರಿನವಳು. ಇಬ್ಬರೂ ದೆಹಲಿಯ ಕಾಲೇಜುಗಳಲ್ಲಿ ದೈಹಿಕ ಶಿಕ್ಷಣದ ಕೆಲಸಕ್ಕೆ ಈಗಷ್ಟೇ ಸೇರಿದವರು. ಕಾಫಿ ಮುಗಿಯುವ ಮೊದಲೇ ಆ ಹುಡುಗಿ ಪೆನ್ನು ತೆಗೆದು, "ಸರ್, ರೇಷ್ಮಾ ನದಾಫ್‌ಗೆ ನೀವು ಮಾಡಿಸಿದ ಟ್ರೇನಿಂಗ್ ಪಟ್ಟಿ ಇದ್ದರೆ ಕೊಡಿ, ಬರ್ಕೋತೀವಿ" ಎಂದಳು. ಅಡುಗೆಮನೆಯಲ್ಲಿದ್ದ ನನ್ನ ಹೆಂಡತಿ ನಕ್ಕಿದ್ದು ಹೊರಗಿನವರೆಗೆ ಕೇಳಿಸಿತು.

ಪಟ್ಟಿ ಇದೆ. ಕೊಟ್ಟೆ. ಆದರೆ ಅದನ್ನು ನಂಬಬೇಡಿ ಎಂದು ಹೇಳುವುದು ಬಾಕಿ ಉಳಿಯಿತು. ಅವರು ಹೋದ ಮೇಲೆ ಈ ಬರವಣಿಗೆಗೆ ಕೂತಿದ್ದೇನೆ. ನಾನು ಕೆಲಸ ಮಾಡಿದ ಕಾಲೇಜಿನ ಪಡಸಾಲೆಯಲ್ಲಿ ಒಂದು ಮರದ ಫಲಕವಿದೆ. ಅದರಲ್ಲಿ ರೇಷ್ಮಾಳ ಹೆಸರಿನ ಮುಂದೆ ಹತ್ತು ಸಾವಿರ ಮೀಟರ್, ಕಂಚು ಎಂದಿದೆ. ಅದರ ಕೆಳಗೆ ತರಬೇತುದಾರ ಎಂದು ನನ್ನ ಹೆಸರೂ ಇದೆ. ಫಲಕ ಸುಳ್ಳು ಹೇಳುವುದಿಲ್ಲ, ನಿಜವನ್ನೂ ಹೇಳುವುದಿಲ್ಲ. ಇಷ್ಟು ವರ್ಷವಾದರೂ ಆ ಎರಡು ಹೆಸರು ಒಂದೇ ಹಲಗೆಯ ಮೇಲೆ ಇರುವುದನ್ನು ನೋಡಿದರೆ ನನಗೆ ಗಲಿಬಿಲಿಯಾಗುತ್ತದೆ.

ಮೊದಲು ನಮ್ಮ ಕೆಲಸದ ವಿಷಯ. ದೈಹಿಕ ಶಿಕ್ಷಣ ನಿರ್ದೇಶಕ ಎಂದರೆ ಕೇಳಲು ದೊಡ್ಡ ಹುದ್ದೆ. ನಾನು ನಿರ್ದೇಶಿಸುತ್ತಿದ್ದುದು ಒಂದು ಮೈದಾನ, ಒಬ್ಬ ಮಾಲಿ, ಎರಡು ಬೀಗದ ಕೈ. ಮೈದಾನವೂ ನನ್ನದಲ್ಲ. ನಮ್ಮ ಪ್ರಾಂಶುಪಾಲರಿಗೆ ಅದು ಶಾಮಿಯಾನ ಹಾಕುವ ಜಾಗವಾಗಿ ಕಾಣುತ್ತಿತ್ತು. ಫೆಬ್ರವರಿಯಲ್ಲಿ ಓಟದ ಪಟ್ಟಿಗೆ ಸುಣ್ಣ ಹಾಕಿಸಿದರೆ ಮಾರನೇ ಬೆಳಿಗ್ಗೆ ಅದರ ಮೇಲೆ ಗೂಟ ಹೊಡೆದಿರುತ್ತಿದ್ದರು. ಒಮ್ಮೆ ದೂರು ಹೇಳಲು ಹೋದಾಗ ಅವರು, "ಭಟ್‌ಜಿ, ನಿಮ್ಮ ಮಕ್ಕಳು ಓಡುವವರು, ಶಾಮಿಯಾನ ಓಡುವುದಿಲ್ಲ. ಯಾರು ಜಾಗ ಬಿಡಬೇಕು ನೀವೇ ಹೇಳಿ" ಎಂದರು. ನಾನು ಭಟ್ಟನಲ್ಲ, ಹಾಸನ ಕಡೆಯ ಗೌಡ. ದಕ್ಷಿಣದವರೆಲ್ಲ ಭಟ್ ಅಥವಾ ರಾವ್ ಎಂದು ಅವರು ನಂಬಿದ್ದರು.

ನನ್ನ ಹಿಂದಿಯದು ಇನ್ನೊಂದು ಕಥೆ. ದೆಹಲಿಯಲ್ಲಿ ಇಪ್ಪತ್ತು ವರ್ಷ ಕಳೆದರೂ ಮೇಜು ಗಂಡೋ ಕುರ್ಚಿ ಹೆಣ್ಣೋ ನನಗೆ ಬಗೆಹರಿಯಲಿಲ್ಲ. ವಸಂತ್ ಕುಂಜ್‌ನ ತರಕಾರಿ ಭಯ್ಯಾಗಳಿಗೆ ನಾನು ಬಾಯಿ ತೆರೆದರೆ ಹಬ್ಬ. ಲಿಂಗ ಹೇಗೋ ನಿಭಾಯಿಸಿದರೂ ಒಂದು ಪದ ಮಾತ್ರ ಕೊನೆಯವರೆಗೆ ಕಾಡಿತು. ಆ ಪದವೇ ನನ್ನ ವೃತ್ತಿಯ ಅತಿ ದೊಡ್ಡ ತಪ್ಪಿಗೆ ಕಾರಣವಾಯಿತು. ಅದಕ್ಕೆ ಆಮೇಲೆ ಬರುತ್ತೇನೆ.

ರೇಷ್ಮಾಳ ತಂದೆ ನದಾಫ್ ಅವರು ಧಾರವಾಡದ ಕಡೆಯವರು. ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿ ಗುಮಾಸ್ತರು. ಹುಡುಗಿ ಹುಟ್ಟಿ ಬೆಳೆದದ್ದು ಇಲ್ಲೇ, ಸರ್ಕಾರಿ ಕ್ವಾರ್ಟರ್ಸ್‌ನಲ್ಲಿ. ಕಾಲೇಜಿಗೆ ಸೇರಿಸಲು ಬಂದ ನದಾಫರು ನನ್ನ ಕನ್ನಡ ಕೇಳಿ ಕುರ್ಚಿಯಿಂದ ಎದ್ದೇ ಬಿಟ್ಟರು. "ಸರ, ಇಕೀ ಮುಂಜಾನಿ ಎದ್ದು ಎಲ್ಲೆಲ್ಲೋ ಓಡತಾಳ. ಓಡೂದಾದ್ರ ನಿಮ್ಮ ಕಣ್ಣಮುಂದ ಓಡ್ಲಿ" ಎಂದರು. ಹುಡುಗಿ ನೆಲ ನೋಡುತ್ತ, "ಅಬ್ಬಾ, ಬಸ್ ಮಾಡ್ರಿ" ಎಂದು ಅಪ್ಪನನ್ನು ತಡೆದಳು. ಅವಳ ಕನ್ನಡ ಹಾಗೆಯೇ, ಅರ್ಧ ದಾರಿಯಲ್ಲಿ ಹಿಂದಿಗೆ ಹೊರಳುತ್ತಿತ್ತು.

ಅವಳು ಉದ್ದನೆಯ ಹುಡುಗಿ, ಕೈಯೂ ಉದ್ದ. ನಾನು ಅವಳನ್ನು ನೋಡಿದ ಕೂಡಲೇ ಜಾವೆಲಿನ್ ಎಸೆತಕ್ಕೆ ಹಾಕಿದೆ. ಒಂದು ಇಡೀ ಚಳಿಗಾಲ ಅವಳ ಕೈಗೆ ಈಟಿ ಕೊಟ್ಟು ನಿಲ್ಲಿಸಿದೆ. ಎಸೆದ ಈಟಿಯನ್ನು ತರಲು ಅವಳು ಓಡಿ ಹೋಗಿ ಓಡಿ ಬರುತ್ತಿದ್ದಳು. ಉಳಿದವರೆಲ್ಲ ನಡೆದು ಹೋಗುತ್ತಿದ್ದರು. ಒಂದು ದಿನ ಮಾಲಿ ಬೀಡಿ ಆರಿಸುತ್ತ, "ಸಾಬ್, ಈ ಹುಡುಗಿ ಎಸೆಯುವುದಕ್ಕೆ ಅಲ್ಲ, ಹೆಕ್ಕಿ ತರುವುದಕ್ಕೇ ಬರುತ್ತಾಳೆ" ಎಂದ. ನನಗಿಂತ ಮೊದಲು ಅವಳನ್ನು ಗುರುತಿಸಿದವನು ಅವನು. ಹೊಸಬರು ಇದನ್ನು ಬರೆದಿಟ್ಟುಕೊಳ್ಳಬಹುದು: ಮಾಲಿಯ ಮಾತು ಕೇಳಿ.

ಆಮೇಲೆ ದೂರದ ಓಟಕ್ಕೆ ಹಾಕಿದೆ. ಪುಸ್ತಕ ನೋಡಿ ಪಟ್ಟಿ ಮಾಡಿದೆ. ವಾರಕ್ಕೆ ಆರು ದಿನ ಹನ್ನೆರಡು ಕಿಲೋಮೀಟರ್, ಎಲ್ಲೂ ನಿಲ್ಲದೆ, ಒಂದೇ ಹದದಲ್ಲಿ. ಕಾಲೇಜಿನ ಗೇಟಿನಿಂದ ಹೊರಟು, ಹಳೇ ಕಲ್ಲುಕೋರೆಯ ಪಕ್ಕದ ಕೂಲಿಯವರ ಗುಡಿಸಲುಗಳ ಬಸ್ತಿ ದಾಟಿ, ವಸಂತ್ ಕುಂಜ್‌ನ ಫ್ಲ್ಯಾಟುಗಳನ್ನು ಸುತ್ತಿ ಬರುವ ದಾರಿ. ಮೆಟ್ರೋ ಇನ್ನೂ ನಮ್ಮ ಕಡೆಗೆ ಬಂದಿರಲಿಲ್ಲ, ಬೆಳಿಗ್ಗೆ ಆರಕ್ಕೆ ರಸ್ತೆ ಖಾಲಿ ಇರುತ್ತಿತ್ತು. ನಾನು ಗೇಟಿನಲ್ಲಿ ಗಡಿಯಾರ ಹಿಡಿದು ನಿಲ್ಲುತ್ತಿದ್ದೆ. ಆ ಹೊತ್ತಿಗೆ ಹಳೇ ಮುಳ್ಳಿನ ಸ್ಟಾಪ್‌ವಾಚ್ ಹೋಗಿ ಅಂಕಿ ತೋರಿಸುವ ಗಡಿಯಾರ ಬಂದಿತ್ತು. ಸೆಕೆಂಡಿನ ನೂರನೇ ಒಂದು ಭಾಗವನ್ನೂ ಅದು ಹೇಳುತ್ತಿತ್ತು. ಯಾಕೆ ತಡವಾಯಿತು ಎಂದು ಮಾತ್ರ ಹೇಳುತ್ತಿರಲಿಲ್ಲ.

ತಡ ಆಗುತ್ತಿತ್ತು. ಐವತ್ತೈದು ನಿಮಿಷಕ್ಕೆ ಬರಬೇಕಾದವಳು ಅರವತ್ತು ನಿಮಿಷಕ್ಕೆ ಬರುತ್ತಿದ್ದಳು. ಮುಖದಲ್ಲಿ ದಣಿವಿಲ್ಲ. ಅದೇ ಸಂಜೆ ಮೈದಾನದಲ್ಲಿ ಓಡಿಸಿದರೆ ಹಿಂದಿನ ವಾರಕ್ಕಿಂತ ಚುರುಕು. ರಸ್ತೆಯಲ್ಲಿ ಆಮೆ, ಮೈದಾನದಲ್ಲಿ ಜಿಂಕೆ. ನಾನು ಪುಸ್ತಕ ತಿರುವಿ ನೋಡಿದೆ, ಇಂಥ ಕಾಯಿಲೆ ಅದರಲ್ಲಿ ಇರಲಿಲ್ಲ. ಆದರೂ ಸಮಯ ಸುಧಾರಿಸುತ್ತಿದೆಯಲ್ಲ, ಅದು ನನ್ನ ಪಟ್ಟಿಯ ಮಹಿಮೆ ಎಂದುಕೊಂಡೆ. ತರಬೇತುದಾರರ ಒಂದು ಸಭೆಯಲ್ಲಿ 'ನಿಲ್ಲದ ಓಟದ ಲಾಭ' ಎಂದು ಅರ್ಧ ಗಂಟೆ ಮಾತಾಡಿಯೂ ಬಂದೆ. ಜನ ಚಪ್ಪಾಳೆ ತಟ್ಟಿದರು.

ಮುಂದಿನ ವಾರ ಸ್ಕೂಟರಿನಲ್ಲಿ ಅವಳ ಹಿಂದೆ ಹೋದೆ. ಕೋರೆಯ ಬಸ್ತಿ ಬಂದದ್ದೇ ಅವಳು ಓಟ ನಿಲ್ಲಿಸಿದಳು. ಸೊಂಟದ ಚೀಲದಿಂದ ಏನೋ ತೆಗೆದು ಒಂದು ಬಾಗಿಲು ತಟ್ಟಿದಳು. ಒಬ್ಬ ಹೆಂಗಸು ಲೋಟದಲ್ಲಿ ನೀರು ಹಿಡಿದು ಬಂದು ಏನನ್ನೋ ನುಂಗಿ, ವೈದ್ಯರ ಮುಂದೆ ತೆರೆಯುವಂತೆ ಬಾಯಿ ಅಗಲಿಸಿ ತೋರಿಸಿದಳು. ರೇಷ್ಮಾ ತಲೆಯಾಡಿಸಿ ಮತ್ತೆ ಓಡಿದಳು. ಮುನ್ನೂರು ಹೆಜ್ಜೆ ಆಚೆ ಇನ್ನೊಂದು ಬಾಗಿಲು. ಹೀಗೆ ನಾಲ್ಕು ಮನೆ. ನಾಲ್ಕನೇ ಬಾಗಿಲಲ್ಲಿ ಕಂಡ ಮುಖ ನನಗೂ ಗೊತ್ತಿದ್ದದ್ದೇ. ಕಾಲೇಜಿನ ಗೇಟಿನ ಬಳಿ ಕೂರುತ್ತಿದ್ದ ಮೋಚಿ ಬಾಬೂಲಾಲ್. ನಮ್ಮ ಮಕ್ಕಳ ಬೂಟಿನ ಅಟ್ಟೆಗಳನ್ನೆಲ್ಲ ಹೊಲಿದು ಕೊಡುತ್ತಿದ್ದವರು. ಮಕ್ಕಳಿಗೆಲ್ಲ ಅವರು ಚಾಚಾ. ಎರಡು ತಿಂಗಳಿಂದ ಅವರು ಗೇಟಿನಲ್ಲಿ ಕಾಣುತ್ತಿಲ್ಲ ಎಂಬುದು ನನಗೆ ಆಗಲೇ ಹೊಳೆದದ್ದು.

ಅವತ್ತು ಕಾಲೇಜಿನಲ್ಲಿ ಅವಳನ್ನು ಕರೆದು ರೇಗಿದೆ.

"ನಿಲ್ಲದೆ ಓಡು ಅಂತ ಬರೆದುಕೊಟ್ಟಿದ್ದೀನಿ. ನೀನು ಬಸ್ಸಿನ ಥರ ಸ್ಟಾಪ್ ಸ್ಟಾಪಿಗೂ ನಿಲ್ತೀಯಲ್ಲ."

"ಸರ್, ಅವ್ರಿಗೆ ಟಿ.ಬಿ. ಇದೆ. ದವಾಯಿ ಸಾಮ್ನೇ, ಎದುರಿಗೇ ನಿಂತು ನುಂಗಿಸ್ಬೇಕು. ರೂಲ್ ಇದೆ."

"ಅದಕ್ಕೆ ಆರೋಗ್ಯ ಕೇಂದ್ರ ಇದೆಯಲ್ಲ?"

"ಚಾಚಾ ಅಲ್ಲಿಗೆ ಹೋಗಲ್ಲ ಸರ್. ಎರಡು ಸಲ ಬೀಚ್ ಮೇ, ನಡುವೇನೇ ಬಿಟ್ಟಿದ್ರು. ಎಲ್ಲರ ಮುಂದೆ ಬೈದ್ರಂತೆ. ಮೂರನೇ ಸಲ ಬಿಟ್ರೆ ಬರಲೇಬೇಡ ಅಂದ್ರಂತೆ. ನಾನು ಅವ್ರ ಬಾಕ್ಸ್ ತಗೊಂಡು ಬಂದೆ, ಸೈನ್ ಮಾಡಿ. ಬಾಕಿ ಮೂರು ಜನದ್ದೂ ಹಾಗೇ. ಮೂರನೇ ಸಲ ಬಿಟ್ಟರೆ ಆಮೇಲೆ ಆ ದವಾಯಿ ಕೆಲಸಾನೇ ಮಾಡಲ್ಲ, ಸಿಸ್ಟರ್ ಹೇಳಿದ್ರು. ಚಾಚಾ ಸತ್ತು ಹೋಗ್ತಾರೆ ಸರ್."

ಮನೆಗೆ ಬಂದು ಕಾಗದ ಪೆನ್ನು ಹಿಡಿದು ಲೆಕ್ಕ ಹಾಕಿದೆ. ಓಟ, ಎರಡು ನಿಮಿಷ ವಿರಾಮ, ಓಟ, ಎರಡು ನಿಮಿಷ ವಿರಾಮ. ವಿರಾಮದಲ್ಲಿ ಹೋದ ಸಮಯ ತುಂಬಿಸಲು ನಡುವೆ ಜೋರಾಗಿ ಓಡುತ್ತಿದ್ದಳು. ದೊಡ್ಡ ದೊಡ್ಡ ತರಬೇತುದಾರರು ಬಿಟ್ಟು ಬಿಟ್ಟು ಓಡಿಸುವ ಪದ್ಧತಿ ಎಂದು ಕರೆಯುವುದು ಇದನ್ನೇ. ಅವಳನ್ನು ಚುರುಕು ಮಾಡಿದ್ದು ನನ್ನ ನಿಲ್ಲದ ಓಟವಲ್ಲ, ನಾಲ್ಕು ಜನ ರೋಗಿಗಳು ಬಾಯಿ ತೆರೆದು ತೋರಿಸಲು ತೆಗೆದುಕೊಂಡ ಹೊತ್ತು. ಅಥವಾ ಎರಡೂ ಸೇರಿ ಇರಬಹುದು, ಅಥವಾ ಎರಡೂ ಅಲ್ಲದೆ ಅವಳ ಕಾಲೇ ಹಾಗಿರಬಹುದು. ನನಗೆ ಇದು ಬಗೆಹರಿದಿಲ್ಲ. ಆ ಸಭೆಯಲ್ಲಿ ಚಪ್ಪಾಳೆ ತಟ್ಟಿದವರಿಗೆ ಪತ್ರ ಬರೆಯಬೇಕೆಂದುಕೊಂಡೆ, ಬರೆಯಲಿಲ್ಲ. ಅವಳಿಗೆ, "ನಿಲ್ಲು, ಆದರೆ ಎರಡು ನಿಮಿಷಕ್ಕಿಂತ ಹೆಚ್ಚು ನಿಲ್ಲಬೇಡ" ಎಂದೆ. ಅದನ್ನೂ ನನ್ನ ಪಟ್ಟಿಯೊಳಗೆ ಸೇರಿಸಿಕೊಂಡೆ. ಆ ತರುಣರು ಬರೆದುಕೊಂಡು ಹೋದದ್ದು ಈ ತಿದ್ದಿದ ಪಟ್ಟಿಯನ್ನು.

ಆ ವರ್ಷ ವಿಶ್ವವಿದ್ಯಾಲಯದ ತಂಡಕ್ಕೆ ಅವಳ ಆಯ್ಕೆಯಾಯಿತು. ಅಂತರ ವಿಶ್ವವಿದ್ಯಾಲಯ ಕ್ರೀಡಾಕೂಟ ದಕ್ಷಿಣದ ಒಂದು ಊರಿನಲ್ಲಿ. ಹೋಗಿ ಬರಲು ಒಂಬತ್ತು ದಿನ. ನಮ್ಮ ಕಾಲೇಜಿನ ಚರಿತ್ರೆಯಲ್ಲಿ ಅಲ್ಲಿಯವರೆಗೆ ಒಂದು ಪದಕವೂ ಬಂದಿರಲಿಲ್ಲ. ಪ್ರಾಂಶುಪಾಲರು ಮೊದಲ ಬಾರಿ ನನ್ನನ್ನು ಗೌಡಾಜಿ ಎಂದು ಕರೆದರು. ನಾನು ಹಿಗ್ಗಿದೆ. ಅದನ್ನು ಮುಚ್ಚಿಡುವುದರಿಂದ ಪ್ರಯೋಜನವಿಲ್ಲ, ಮುಂದೆ ನಡೆದದ್ದಕ್ಕೆಲ್ಲ ಆ ಹಿಗ್ಗೇ ಮೂಲ.

ಬಸ್ತಿಯ ಮೂವರು ರೋಗಿಗಳು ಆ ಒಂಬತ್ತು ದಿನ ತಾವೇ ಕೇಂದ್ರಕ್ಕೆ ಹೋಗಲು ಒಪ್ಪಿದ್ದರು. ಚಾಚಾಗೆ ಔಷಧಿ ಕೊಡಲು ರೇಷ್ಮಾಳ ಸಹಪಾಠಿಯೊಬ್ಬಳು ಒಪ್ಪಿಕೊಂಡಿದ್ದಳು. ಹೊರಡುವ ಭಾನುವಾರ ಆ ಹುಡುಗಿಗೆ ಜ್ವರ. ತಂಡವನ್ನು ಬೀಳ್ಕೊಡಲು ನಾನು ನಿಜಾಮುದ್ದೀನ್ ಸ್ಟೇಷನ್ನಿಗೆ ಹೋದಾಗ ರೇಷ್ಮಾ ಔಷಧಿಯ ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು ಪ್ಲಾಟ್‌ಫಾರಂ ಬೆಂಚಿನಲ್ಲಿ ಕೂತಿದ್ದಳು.

"ನಾನು ಹೋಗಲ್ಲ ಸರ್. ಚಾಚಾದು ಬ್ರೇಕ್ ಆಗತ್ತೆ."

"ನಾನಿಲ್ವಾ? ಕೊಡು ಇಲ್ಲಿ. ನಾನು ನುಂಗಿಸ್ತೀನಿ."

"ನೀವಾ?" ಅವಳಿಗೆ ನಂಬಿಕೆ ಬರಲಿಲ್ಲ. "ಅವ್ರು ಬೇರೆಯವ್ರ ಹತ್ರ ತಗೋಳಲ್ಲ ಸರ್. ನಾನು ಹೇಳಿದೀನಿ ಅನ್ನಿ. ಒಂದು ದಿನಾನೂ ತಪ್ಪಬಾರ್ದು."

"ಇಪ್ಪತ್ತು ವರ್ಷದಿಂದ ಒಂದು ಹಾಜರಿ ತಪ್ಪಿಸಿಲ್ಲಮ್ಮ ನಾನು. ರೈಲು ಹತ್ತು."

ಪೆಟ್ಟಿಗೆ ನನ್ನ ಕೈಗೆ ಬಂತು. ಅವಳು ಹತ್ತಿದಳು. ರೈಲು ಕದಲಿದ ಮೇಲೆ ಬಾಗಿಲಿಗೆ ಬಂದು ಏನೋ ನೆನಪಾದಂತೆ ಕೂಗಿದಳು. "ಸರ್, ಚಾಚಾದು ಕಲ್..." ಮುಂದಿನದ್ದನ್ನು ಇಂಜಿನ್ನಿನ ಸೀಟಿ ನುಂಗಿತು. ನಾನು ಅರ್ಥವಾಯಿತೆಂದು ಕೈ ಎತ್ತಿದೆ.

ನನ್ನನ್ನು ಕಾಡಿದ ಪದ ಇದೇ, ಕಲ್. ಕನ್ನಡದವರು ನಾವು, ನಮಗೆ ನಿನ್ನೆ ಬೇರೆ, ನಾಳೆ ಬೇರೆ. ಹಿಂದಿಯವರಿಗೆ ಎರಡೂ ಕಲ್. ಮುಂದೆ ಬರುವ ಕ್ರಿಯಾಪದ ನೋಡಿ ತಿಳಿದುಕೊಳ್ಳಬೇಕು. ಇಲ್ಲಿ ಕ್ರಿಯಾಪದ ಸೀಟಿಯ ಪಾಲಾಗಿತ್ತು. ಔಷಧಿ ವಾರಕ್ಕೆ ಮೂರು ಸಲ ಎಂದು ನನಗೆ ಗೊತ್ತಿತ್ತು. ಕೆಲವರಿಗೆ ಸೋಮ, ಬುಧ, ಶುಕ್ರ. ಕೆಲವರಿಗೆ ಮಂಗಳ, ಗುರು, ಶನಿ. ಭಾನುವಾರದ ದಿನ ನಿಂತು ಕಲ್ ಎಂದರೆ ಏನು? ನಿನ್ನೆ ಶನಿವಾರ ಕೊಟ್ಟಾಯಿತು ಎನ್ನುತ್ತಿದ್ದಾಳೆ, ಹಾಗಾದರೆ ಮುಂದಿನದ್ದು ಮಂಗಳವಾರ ಎಂದು ನಾನು ತೀರ್ಮಾನಿಸಿದೆ. ಯಾಕೆ ಹಾಗೆ ತೀರ್ಮಾನಿಸಿದೆ ಎಂದು ನನ್ನನ್ನೇ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಸೋಮವಾರ ಬೆಳಿಗ್ಗೆ ನನಗೆ ಪ್ರಾಂಶುಪಾಲರ ಜೊತೆ ಮೀಟಿಂಗ್ ಇತ್ತು. ಅನುಕೂಲವಾದ ಅರ್ಥವೇ ಮೊದಲು ಹೊಳೆಯಿತೋ ಏನೋ.

ಪೆಟ್ಟಿಗೆಯನ್ನು ತೆರೆದು ನೋಡಿದ್ದರೆ ಸಾಕಿತ್ತು, ಒಳಗೆ ಚಾಚಾನ ಕಾರ್ಡು ಇತ್ತು. ಅದರಲ್ಲಿ ಪ್ರತಿ ದಿನದ ಗುರುತು ಇತ್ತು. ಮಕ್ಕಳು ಎದೆಯ ಮೇಲಿನ ನಂಬರು ನೋಡದೆ ಓಟಕ್ಕೆ ನಿಂತರೆ ಕಿವಿ ಹಿಂಡುತ್ತಿದ್ದ ಮನುಷ್ಯ ನಾನು. ಆ ಪೆಟ್ಟಿಗೆಯನ್ನು ಎರಡು ದಿನ ದೇವರ ಕೋಣೆಯಲ್ಲಿ ಭದ್ರವಾಗಿಟ್ಟಿದ್ದೆ.

ಮಂಗಳವಾರ ಬೆಳಿಗ್ಗೆ ಆರೂವರೆಗೆ ಬಸ್ತಿಗೆ ಹೋದಾಗ ಚಾಚಾನ ಬಾಗಿಲಿಗೆ ಬೀಗ. ಪಕ್ಕದ ಮನೆಯ ಹೆಂಗಸು ಹೇಳಿದ್ದು ಇಷ್ಟು: ನಿನ್ನೆ ಬೆಳಿಗ್ಗೆಯಿಂದ ಹೊಸ್ತಿಲಲ್ಲಿ ನೀರಿನ ಲೋಟ ಇಟ್ಟುಕೊಂಡು ಕೂತಿದ್ದರು. ಯಾರೂ ಬರಲಿಲ್ಲ. ಮಧ್ಯಾಹ್ನ ಗಂಟು ಕಟ್ಟಿಕೊಂಡು ಮಗಳ ಮನೆಗೆ ಹೊರಟುಹೋದರು. "ನನ್ನ ಹೆಸರು ತೆಗೆದುಹಾಕಿದ್ದಾರೆ, ಅದಕ್ಕೇ ಬಿಟಿಯಾ ಯಾರನ್ನೂ ಕಳಿಸಿಲ್ಲ" ಎಂದರಂತೆ. ಬಿಟಿಯಾ, ಅಂದರೆ ಮಗಳು, ಅವರಿಗೆ ರೇಷ್ಮಾ. ಮಗಳ ಮನೆ ಎಲ್ಲಿ ಎಂದರೆ, "ಜಮುನಾ ಪಾರ್" ಎಂದಳು. ಯಮುನೆಯ ಆಚೆ ಎಂದರೆ ಅರ್ಧ ದೆಹಲಿ. ಅಲ್ಲೇ ನಿಂತು ಪೆಟ್ಟಿಗೆ ತೆರೆದೆ. ಸೋಮ, ಬುಧ, ಶುಕ್ರ. ಮೂರನೇ ಸಲ ಔಷಧಿ ಬಿಡಿಸಿದವನು ನಾನು.

ಬುಧವಾರ, ಗುರುವಾರ ಕೆಲಸಕ್ಕೆ ರಜೆ ಹಾಕಿ ಹುಡುಕಿದೆ. ಗೇಟಿನ ಬಳಿಯ ಚಹಾದವನು, ಇಸ್ತ್ರಿಯ ಪ್ರೆಸ್‌ವಾಲಿ, ಆಟೋದವರು, ಎಲ್ಲರನ್ನೂ ನನ್ನ ಮುರುಕು ಹಿಂದಿಯಲ್ಲಿ ವಿಚಾರಿಸಿದೆ. ಗುರುವಾರ ಸಂಜೆ ಮನೆಯ ಫೋನು ರಿಂಗಾಯಿತು. ರೇಷ್ಮಾ. ಎರಡು ದಿನ ಬಿಟ್ಟು ಅವಳ ಓಟ.

"ಸರ್, ಚಾಚಾದು ದವಾಯಿ ಆಯ್ತಾ?"

ನಿಜ ಹೇಳಿದರೆ ಅವಳು ಮುಂದಿನ ರೈಲು ಹತ್ತುತ್ತಾಳೆ, ಅದು ನನಗೆ ಖಾತ್ರಿಯಿತ್ತು. ಪದಕ ಹೋಗುತ್ತದೆ. ಅವಳು ಬಂದು ಮಾಡುವುದಾದರೂ ಏನು, ಹುಡುಕಲು ನಾನಿದ್ದೇನಲ್ಲ ಎಂದೂ ಅನ್ನಿಸಿತು.

"ಕಲ್" ಎಂದೆ.

ನಾಳೆ ಹೇಗಾದರೂ ಕೊಡುತ್ತೇನೆ ಎಂದು ನನ್ನ ಮನಸ್ಸಿನಲ್ಲಿತ್ತು. ನಿನ್ನೆ ಬುಧವಾರ ಕೊಟ್ಟರು ಎಂದು ಅವಳಿಗೆ ಕೇಳಿಸಿತು. ಹಾಗೆ ಕೇಳಿಸಲಿ ಎಂದೇ ನಾನು ಆ ಪದ ಬಳಸಿದೆ. ಕನ್ನಡದಲ್ಲಿ ಹೇಳಿದ್ದರೆ ಒಂದೋ ನಿಜ ಹೇಳಬೇಕಿತ್ತು, ಇಲ್ಲ ಸುಳ್ಳು ಹೇಳಬೇಕಿತ್ತು. ಎರಡಕ್ಕೂ ಧೈರ್ಯವಿಲ್ಲದೆ ಹಿಂದಿಯ ಹಿಂದೆ ಅಡಗಿಕೊಂಡೆ. ಇಪ್ಪತ್ತು ವರ್ಷ ನನ್ನನ್ನು ಗೋಳು ಹೊಯ್ದುಕೊಂಡ ಭಾಷೆ ಅವತ್ತು ಒಂದೇ ದಿನ ನನಗೆ ಸಲೀಸಾಗಿ ಬಂತು, ಅದೂ ಇಂಥ ಕೆಲಸಕ್ಕೆ. "ಶುಕ್ರಿಯಾ ಸರ್" ಎಂದು ಅವಳು ಫೋನ್ ಇಟ್ಟಳು.

ಶುಕ್ರವಾರ ಚಹಾದವನೇ ಒಂದು ಸುಳಿವು ಕೊಟ್ಟ. ಚಾಚಾನ ಅಳಿಯ ಯಮುನೆಯಾಚೆಯ ಇಂದಿರಾಪುರಂನಲ್ಲಿ ಕಟ್ಟಡ ಕೆಲಸದವನು ಎಂದು. ಈಗ ನಾವಿರುವ ಇಲ್ಲಿ ಆಗ ಊರಿಗಿಂತ ಹೆಚ್ಚಾಗಿ ಗುಂಡಿಗಳಿದ್ದವು. ಸಿಮೆಂಟಿನ ಧೂಳು, ಎಲ್ಲ ಕಡೆ ಅರ್ಧ ಎದ್ದ ಮಹಡಿಗಳು, ಅವುಗಳ ಬುಡದಲ್ಲಿ ಇಟ್ಟಿಗೆ ಒಟ್ಟಿ ತಗಡು ಹೊದಿಸಿದ ಕೆಲಸಗಾರರ ಗೂಡುಗಳು. ಪೆಟ್ಟಿಗೆ ಕಂಕುಳಲ್ಲಿಟ್ಟುಕೊಂಡು ಒಂದೊಂದು ಸೈಟಿಗೂ ಹೋಗಿ ಕೇಳಿದೆ. ಐದನೆಯದರಲ್ಲಿ ಕೆಮ್ಮು ಮೊದಲು ಕೇಳಿಸಿತು, ಆಮೇಲೆ ಚಾಚಾ ಕಂಡರು. ಬಿಸಿಲಿಗೆ ಬೆನ್ನು ಕೊಟ್ಟು ಮೊಮ್ಮಗಳ ಚಪ್ಪಲಿಗೆ ಉಂಗುಷ್ಠ ಹೊಲಿಯುತ್ತಿದ್ದರು.

"ಮಾಸ್ಟರ್‌ಜಿ, ನೀವು ಇಲ್ಲಿ?" ಎದ್ದು ನಿಲ್ಲಲು ಹೋಗಿ ಮತ್ತೆ ಕೂತರು.

"ರೇಷ್ಮಾ ಕಳಿಸಿದಳು. ಔಷಧಿ ತಗೊಳ್ಳಿ."

"ಈಗ ಏನು ಪ್ರಯೋಜನ? ನನ್ನದು ಮತ್ತೆ ತಪ್ಪಿತು. ಅಲ್ಲಿ ಬರೆದುಕೊಂಡಿರುತ್ತಾರೆ, ಬಾಬೂಲಾಲ್ ಮೂರನೇ ಸಲ ಓಡಿಹೋದ ಎಂದು. ಇಡೀ ಸಾಲಿನ ಮುಂದೆ ಓದುತ್ತಾರೆ. ನಾನು ಹೋಗುವುದಿಲ್ಲ."

ತಪ್ಪಿಸಿದವನು ನಾನು ಎಂದು ಹೇಳಬೇಕಾಗಿತ್ತು. ಬದಲಿಗೆ ಮಾತ್ರೆಗಳನ್ನು ಅಂಗೈಯಲ್ಲಿ ಹಿಡಿದು ನಿಂತೆ. ಅವರು ನನ್ನ ಕೈ ನೋಡಿ, ನನ್ನ ಮುಖ ನೋಡಿ, ಮತ್ತೆ ಸೂಜಿ ಎತ್ತಿಕೊಂಡರು. ಶನಿವಾರವೂ ಹೋದೆ, ಭಾನುವಾರವೂ ಹೋದೆ. ಚಹಾ ಕೊಟ್ಟರು, ಮಾತಾಡಿದರು, ಮಾತ್ರೆ ಮುಟ್ಟಲಿಲ್ಲ. ಶನಿವಾರ ಸಂಜೆ ರೇಷ್ಮಾ ಓಟದಲ್ಲಿ ಮೂರನೆಯವಳಾಗಿ ಬಂದಳು ಎಂದು ತಂಡದ ಮ್ಯಾನೇಜರ್ ಫೋನ್ ಮಾಡಿದರು. ಪ್ರಾಂಶುಪಾಲರು ಮಿಠಾಯಿ ಹಂಚಿಸಿದರು. ನನ್ನ ಪಾಲಿನ ಲಡ್ಡು ಮೇಜಿನ ಮೇಲೆ ಹಾಗೆಯೇ ಒಣಗಿತು.

ಮಂಗಳವಾರ ಬೆಳಿಗ್ಗೆ ರೇಷ್ಮಾ ರೈಲಿನಿಂದ ನೇರವಾಗಿ ಕಾಲೇಜಿಗೆ ಬಂದಳು. ಹಾರ ಹಿಡಿದು ನಿಂತಿದ್ದವರನ್ನು ದಾಟಿಸಿ ಅವಳನ್ನು ಮೈದಾನದ ಆಚೆಗೆ ಕರೆದೊಯ್ದು ಎಲ್ಲ ಹೇಳಿದೆ. ಒಂದು ಅಕ್ಷರ ಬಿಡದೆ.

"ಚಾಚಾ ಮನೇಲಿಲ್ಲ ಅಂತ ನಿಮಗೆ ಯಾವ ದಿನ ಗೊತ್ತಾಯ್ತು ಸರ್?"

"ಮಂಗಳವಾರ."

"ನಾನು ಫೋನ್ ಮಾಡಿದ್ದು?"

"ಗುರುವಾರ."

ಅವಳು ಕೊರಳಿನ ಪದಕವನ್ನು ತೆಗೆದು ಜೇಬಿಗೆ ಹಾಕಿಕೊಂಡಳು. ಬಿಸಾಡುತ್ತಾಳೆ ಎಂದುಕೊಂಡಿದ್ದೆ, ಅಳುತ್ತಾಳೆ ಎಂದೂ ಅಂದುಕೊಂಡಿದ್ದೆ. ಎರಡೂ ಮಾಡಲಿಲ್ಲ. "ಚಲಿಯೇ" ಎಂದು ಗೇಟಿನ ಕಡೆ ಹೊರಟಳು. ಅವತ್ತಿಡೀ ದಿನ ಅವಳು ನನ್ನ ಜೊತೆ ಒಂದು ಕನ್ನಡದ ಮಾತು ಆಡಲಿಲ್ಲ. ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಅವಳು ಹಿಂದಿಯಲ್ಲಿ, ಬಹುವಚನದಲ್ಲಿ, ಅಪರಿಚಿತರಿಗೆ ಹೇಳುವಂತೆ ಉತ್ತರ ಕೊಟ್ಟಳು. ಎಷ್ಟೋ ಮೇಲಧಿಕಾರಿಗಳು ನನ್ನನ್ನು ಬೈದಿದ್ದಾರೆ. ಯಾವುದೂ ಅಷ್ಟು ತಾಗಿಲ್ಲ.

ಇಂದಿರಾಪುರಂನಿಂದ ಚಾಚಾರನ್ನು ಅವಳೇ ಹೊರಡಿಸಿದಳು. ಹೇಗೆ ಹೊರಡಿಸಿದಳೋ, ನನ್ನನ್ನು ದೂರ ನಿಲ್ಲಿಸಿದ್ದಳು. ಮೂವರೂ ಒಂದು ಆಟೋದಲ್ಲಿ ಆರೋಗ್ಯ ಕೇಂದ್ರಕ್ಕೆ ಬಂದೆವು. ಬೆಂಚುಗಳ ಮೇಲೆ ಹತ್ತಿಪ್ಪತ್ತು ಜನ ಬಾಯಿಗೆ ಬಟ್ಟೆ ಹಿಡಿದು ಕೂತಿದ್ದರು. ಚಾಚಾ ಬಾಗಿಲಲ್ಲೇ ನಿಂತರು. ಮೇಜಿನ ಹಿಂದಿದ್ದ ಸಿಸ್ಟರ್ ಕೆಟ್ಟವರಲ್ಲ, ದಿನವಿಡೀ ಅದೇ ಕೆಲಸ ಮಾಡಿ ದಣಿದವರು. ಕಾರ್ಡು ನೋಡಿ ಹುಬ್ಬೇರಿಸಿದರು.

"ಬಾಬೂಲಾಲ್, ಮತ್ತೆ ಒಂದು ವಾರ ಇಲ್ಲವಲ್ಲ? ಎಲ್ಲಿ ಓಡಿಹೋಗಿದ್ದೆ?"

ಇಡೀ ಬೆಂಚು ತಿರುಗಿತು. ಚಾಚಾ ಹಿಂದಕ್ಕೆ ಹೆಜ್ಜೆ ಇಟ್ಟರು. ನಾನು ಮೇಜಿನ ಹತ್ತಿರ ಹೋದೆ.

"ಅವರು ಓಡಿಹೋಗಿಲ್ಲ. ಅವರು ಬಾಗಿಲಲ್ಲೇ ಕೂತಿದ್ದರು. ಔಷಧಿ ತರಬೇಕಾದವನು ನಾನು. ನಾನು ಹೋಗಲಿಲ್ಲ."

"ನೀವು ಯಾರು?"

"ಕಾಲೇಜಿನಲ್ಲಿ ಮೇಷ್ಟ್ರು."

ಸಿಸ್ಟರ್ ಕಾರ್ಡನ್ನು ನನ್ನ ಕಡೆ ತಿರುಗಿಸಿದರು. ಔಷಧಿ ತಪ್ಪಿದರೆ ಕಾರಣ ಬರೆಯುವ ಸಾಲುಗಳಿದ್ದವು. ರೋಗಿ ಬರಲಿಲ್ಲ. ರೋಗಿ ನಿರಾಕರಿಸಿದ. ರೋಗಿ ಊರು ಬಿಟ್ಟ. "ಇದರಲ್ಲಿ ಯಾವುದು ಹಾಕಲಿ? ನಿಮ್ಮದಕ್ಕೆ ಜಾಗವೇ ಇಲ್ಲ" ಎಂದರು.

ನಾನು ಇಪ್ಪತ್ತು ವರ್ಷ ತುಂಬಿದ ಹಾಜರಿ ಪುಸ್ತಕಗಳಲ್ಲೂ ಇಂಥ ಸಾಲು ಇರಲಿಲ್ಲ. ವಿದ್ಯಾರ್ಥಿ ಗೈರು ಎಂದು ಬರೆಯುತ್ತಿದ್ದೆ, ಮೇಷ್ಟ್ರು ಗೈರು ಎಂದು ಎಂದೂ ಬರೆದಿಲ್ಲ. ಪೆನ್ನು ಕೇಳಿ ತೆಗೆದುಕೊಂಡು, ಮೂರು ಸಾಲುಗಳ ಕೆಳಗೆ ಉಳಿದ ಅಂಚಿನಲ್ಲಿ, ನನಗೆ ಬರುವ ಹಿಂದಿಯಲ್ಲಿ ಬರೆದು ಸಹಿ ಮಾಡಿದೆ. ಸಿಸ್ಟರ್ ಓದಿ, ತುಟಿ ಬಿಗಿಹಿಡಿದು ನಗು ತಡೆದುಕೊಂಡರು. 'ಗಲತೀ ಮೇರಾ ಹೈ' ಎಂದು ಬರೆದಿದ್ದೆ, ತಪ್ಪು ನನ್ನದು ಎಂದು. ತಪ್ಪು ಎನ್ನುವ ಪದ ಹಿಂದಿಯಲ್ಲಿ ಹೆಣ್ಣು, ಮೇರೀ ಎನ್ನಬೇಕಿತ್ತು. ತಪ್ಪೊಪ್ಪಿಗೆಯಲ್ಲೂ ತಪ್ಪು. ಅವರು ಅದನ್ನು ತಿದ್ದಲಿಲ್ಲ, ಅದರ ಮೇಲೆ ಮುದ್ರೆ ಒತ್ತಿದರು. "ಡಾಕ್ಟರ್ ಕಫ ಪರೀಕ್ಷೆ ಮಾಡಿಸುತ್ತಾರೆ. ಬಿಟ್ಟದ್ದನ್ನು ಕೊನೆಗೆ ಸೇರಿಸಿ ಕೊಡುತ್ತೇವೆ. ಇವತ್ತಿನಿಂದ ಶುರು" ಎಂದರು.

ಆ ಒಂದು ವಾರದಿಂದ ಎಷ್ಟು ಕೆಡುಕಾಯಿತು ಎಂದು ಡಾಕ್ಟರನ್ನು ಕೇಳಿದೆ. ಹೇಳಲಾಗದು ಎಂದರು. ಬಾಗಿಲ ಬಳಿ ನಿಂತಿದ್ದ ಚಾಚಾ ಅಕ್ಷರ ಬಲ್ಲವರಲ್ಲ. "ಬಿಟಿಯಾ, ಮಾಸ್ಟರ್‌ಜಿ ಏನು ಬರೆದರು?" ಎಂದು ರೇಷ್ಮಾಳನ್ನು ಕೇಳಿದರು. ಅವಳು ಕಾರ್ಡು ತೆಗೆದುಕೊಂಡು ಇಡೀ ಬೆಂಚಿಗೆ ಕೇಳುವಂತೆ ಗಟ್ಟಿಯಾಗಿ ಓದಿದಳು, ನಾನು ಬರೆದಂತೆಯೇ, ಮೇರಾ ಎಂದೇ.

ಯಾರೂ ನಗಲಿಲ್ಲ. ರೇಷ್ಮಾ ಪೆಟ್ಟಿಗೆಯಿಂದ ಮಾತ್ರೆ ತೆಗೆದು ಚಾಚಾನ ಮುಂದೆ ಹಿಡಿದಳು. ಅವರು ಅವಳ ಕೈಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು. ಬೆಂಚುಗಳ ನಡುವೆ ನಡೆದು ನನ್ನ ಎದುರಿಗೆ ಬಂದು ನಿಂತು, ಸೂಜಿ ಚುಚ್ಚಿ ಗಂಟುಗಟ್ಟಿದ ಅಂಗೈಯನ್ನು ಮಾತ್ರೆಗಾಗಿ ನನ್ನ ಮುಂದೆ ಚಾಚಿದರು.